ಭಾನುವಾರದ ಕವಿತೆ ಓದು: ಬರುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಧಾರವಾಡದ ಸಾಧನಕೇರಿ ಕೆರೆ ದಂಡೆಯಲ್ಲಿ ಸೇರೋಣ. ಮಳೆ ಬಂದರೆ ಮುಂದಿನ ವಾರ.

ಬೀದರ್ ಕಡೆಯಿಂದ ಪಿಯುಸಿ ಓದಲು ಬಂದ ಹುಡುಗಿಯೊಬ್ಬಳು ಮೊದಲ ಸಲ ಓದಲಿದ್ದಾಳೆ. ವಯಸ್ಸು 16. ಹಾಸ್ಟೆಲ್‌ಗೆ ಬಂದ ಹೊಸತರಲ್ಲಿ ಅವಳ ಮಾತು ಕೇಳಿ ಕೆಲವರು ನಕ್ಕರಂತೆ. ಎರಡು ತಿಂಗಳು ಬಾಯಿಯೇ ಬಿಟ್ಟಿರಲಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಡಬ್ಬಿ ತಳ ಕಂಡ ದಿನ, ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಎಂಟು ಸಾಲು ಬರೆದಳು. ಪಕ್ಕದ ಮಂಚದ ಹುಡುಗಿ ಅದನ್ನು ಓದಿ, ತಾನೂ ಒಂದು ಬರೆದು ಇವಳ ದಿಂಬಿನ ಕೆಳಗಿಟ್ಟಳು. ಈಗ ಇಬ್ಬರೂ ಕೂಡಿಯೇ ಬರುತ್ತಾರೆ.

ದಯವಿಟ್ಟು ಅವಳ ಉಚ್ಚಾರವನ್ನು ಯಾರೂ ತಿದ್ದಬೇಡಿ. ಧಾರವಾಡದ ಆಡುಮಾತಿಗೆ ಕಾವ್ಯದಲ್ಲಿ ಅಷ್ಟು ದೊಡ್ಡ ಜಾಗ ಮಾಡಿಕೊಟ್ಟ, 1973ರ ಜ್ಞಾನಪೀಠ ಪಡೆದ ಬೇಂದ್ರೆಯವರ ಮನೆ ಅಲ್ಲೇ ಇದೆ. ಅವರ ‘ಗೆಳೆಯರ ಗುಂಪು’ ಎಂಬ ಸಾಹಿತ್ಯ ಬಳಗ ಬೆಳೆದದ್ದೂ ಇದೇ ಊರಲ್ಲಿ. ಬೀದರ್ ಮಾತಿಗೂ ಇಲ್ಲಿ ಜಾಗ ಇರಲೇಬೇಕು.

ಓದುವಾಗ ವಿಡಿಯೊ ಮಾಡಬೇಡಿ. ಮನೆಯಲ್ಲಿ ಶೇಂಗಾ ಹಿಂಡಿ ಕುಟ್ಟಿದವರು ಒಂದು ಡಬ್ಬಿ ತನ್ನಿ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.