ವಾರಗಿತ್ತಿಗೆ, ಒಂದು ಹಳೇ ಛತ್ರಿಯ ನೆಪದಲ್ಲಿ

ಮೊನ್ನೆ ಸೋಮವಾರ ಎರಡೂ ಕೈ ತಲೆಯ ಹಿಂದೆ ಹೋದವು. ಜಡೆ ಹೆಣೆದುಕೊಂಡೆ, 14 ತಿಂಗಳ ಮೇಲೆ. ಬಲಭುಜಕ್ಕೆ ಫ್ರೋಜನ್ ಶೋಲ್ಡರ್ ಆಗಿತ್ತು, ಕೀಲಿನ ಸುತ್ತಲಿನ ಪೊರೆ ಬಿಗಿದು ಕೈ ಆಡದಂತಾಗುವ ಕಾಯಿಲೆ. ಯಾವ ಸ್ಕ್ಯಾನ್, ಯಾವ ಮಾತ್ರೆ ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಫೋನಿನಲ್ಲಿ ಹೇಳಿ ಹೇಳಿ ನನಗೂ ಸಾಕಾಗಿದೆ. ಇದು ಥ್ಯಾಂಕ್ಸ್ ಹೇಳೋಕೆ ಮಾತ್ರ.

ಅಡುಗೆ ಕಳಿಸಿದವರು, ಆಟೋ ಹಿಡಿದುಕೊಟ್ಟವರು, ಒಗೆದ ಬಟ್ಟೆ ತಂತಿಗೆ ಹಾಕಿಕೊಟ್ಟ ಮೇಲಿನ ಮನೆಯವರು, ಸಕ್ಕರೆ ಪರೀಕ್ಷೆ ಮಾಡಿಸು ಎಂದು ಬಿಡದೆ ಕಾಡಿದ ಅಣ್ಣ (ಮಧುಮೇಹ ಇರುವವರಿಗೆ ಫ್ರೋಜನ್ ಶೋಲ್ಡರ್ ಹೆಚ್ಚು, ವಾಸಿಯಾಗುವುದೂ ನಿಧಾನ), ಎಲ್ಲರಿಗೂ ನಮಸ್ಕಾರ. ಎಣ್ಣೆ ಹಚ್ಚಿ ಕೈಯನ್ನು ಜಗ್ಗಿದವರಿಗೆ ಮಾತ್ರ ಹೇಳುವುದೇನಿಲ್ಲ.

ಉಳಿದದ್ದೆಲ್ಲ ನನ್ನ ವಾರಗಿತ್ತಿಗೆ.

ಫಿಸಿಯೋಥೆರಪಿಸ್ಟ್ ಸಿಗುತ್ತಿದ್ದದ್ದು ವಾರಕ್ಕೆರಡು ಸಲ, ಹಗಲು ಹೊತ್ತು. ಈ ನೋವು ಏಳುವುದು ರಾತ್ರಿ ಎರಡು ಗಂಟೆಗೆ. ಅಂಗಾತ ಮಲಗಿದರೆ ಮೊಣಕೈ ಹಾಸಿಗೆಗೆ ಬಿದ್ದು ಎದೆಯ ಮಟ್ಟಕ್ಕಿಂತ ಕೆಳಗಿಳಿಯುತ್ತದೆ, ಆಗ ಕೀಲಿನ ಮುಂಭಾಗದ ಬಿಗಿದ ಪೊರೆ ಜಗ್ಗುತ್ತದೆ. ಆ ಮಗ್ಗುಲಿಗೆ ಹೊರಳಿದರಂತೂ ಮೈಭಾರವೆಲ್ಲ ಅದರ ಮೇಲೆ. ಆಷಾಢದ ಆ ರಾತ್ರಿ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಈ ಕೈ ಕಡಿದು ಬಿಸಾಕಿ ಎನ್ನುವವರೆಗೂ ಹೋಗಿತ್ತು. ಅವಳು ಸಮಾಧಾನ ಹೇಳಲಿಲ್ಲ. "ಅಕ್ಕ, ಮೊದಲು ಮೊಣಕೈ ಸ್ವಲ್ಪ ಎತ್ತಿ" ಅಂದಳು. ತೋಳಿನ ಕೆಳಗೆ ಮಡಚಿದ ದುಪ್ಪಟಿ ಇಟ್ಟು ಮೊಣಕೈಯನ್ನು ಎದೆಯ ಮಟ್ಟಕ್ಕೆ ತಂದಳು. ಹೊಟ್ಟೆಯ ಮೇಲೊಂದು ಸಣ್ಣ ದಿಂಬಿಟ್ಟು ಅಂಗೈಯನ್ನು ಅದರ ಮೇಲಿಟ್ಟಳು. ಟವೆಲ್ ಸುತ್ತಿದ ಬಿಸಿನೀರಿನ ಚೀಲ ಹದಿನೈದು ನಿಮಿಷ, ಗಡಿಯಾರ ನೋಡಿಕೊಂಡು. ಒತ್ತಲಿಲ್ಲ, ತಿಕ್ಕಲಿಲ್ಲ. ಬೆಳಗಿನವರೆಗೂ ಕುರ್ಚಿಯಲ್ಲೇ ಇದ್ದಳು. ದುಪ್ಪಟಿ ಜಾರಿದಾಗಲೆಲ್ಲ ಸರಿಮಾಡಿದಳು.

ಇದನ್ನು ಬರೆಯುವಾಗ ಕೈ ನಿಂತಿತು. ನೋವಿಂದಲ್ಲ.

ಹಗಲು ಅವಳೇ ಮೇಷ್ಟ್ರು. ಮೇಜಿಗೆ ಒಳ್ಳೆಯ ಕೈ ಊರಿ ಬಗ್ಗಿ, ನೋವಿನ ಕೈಯನ್ನು ಬಾವಿಗೆ ಬಿಟ್ಟ ಹಗ್ಗದಂತೆ ಇಳಿಬಿಡಬೇಕು. ತೂಗಬೇಕಾದ್ದು ಮೈ, ಕೈಯಲ್ಲ. ತೋಳಿನ ಸ್ನಾಯು ಬಿಗಿಹಿಡಿದರೆ ಪ್ರಯೋಜನವಿಲ್ಲ. ಊಟದ ತಟ್ಟೆಯಗಲದ ಸುತ್ತು, ಆ ಕಡೆ 10, ಈ ಕಡೆ 10. ಗೋಡೆಯ ಮೇಲೆ ಬೆರಳು ನಡೆಸುವಾಗ ನನ್ನ ಹಿಂದೆ ನಿಂತು, ಹೆಗಲು ಕಿವಿಯತ್ತ ಏರಿದ ಕೂಡಲೇ ಒಂದು ಬೆರಳಿಂದ ಅದುಮುತ್ತಿದ್ದಳು. ಬೆನ್ನಿನ ರೆಕ್ಕೆಮೂಳೆ ಎತ್ತಿಕೊಟ್ಟು ಕೈ ಮೇಲೆ ಹೋಯಿತೆಂದು ಹಿಗ್ಗುವುದು ನಮ್ಮನ್ನು ನಾವೇ ಮೋಸ ಮಾಡಿಕೊಂಡಂತೆ. ಕೀಲು ಇದ್ದಲ್ಲೇ ಇರುತ್ತದೆ. ಪೆನ್ಸಿಲ್ ಗುರುತುಗಳು ಇನ್ನೂ ಗೋಡೆಯ ಮೇಲಿವೆ, ಸುಣ್ಣ ಹೊಡೆಸುವುದಿಲ್ಲ.

ಆಮೇಲೆ ಛತ್ರಿ. ಈ ಕಾಯಿಲೆಯಲ್ಲಿ ಹೆಚ್ಚಾಗಿ ಮೊದಲು ಕಳೆದುಹೋಗುವುದು ಮುಂಗೈಯನ್ನು ಹೊರಕ್ಕೆ ತೆರೆಯುವ ಚಲನೆ. ಮೊಣಕೈಯನ್ನು 90 ಡಿಗ್ರಿ ಮಡಚಿ ಪಕ್ಕೆಗೆ ತಾಗಿಸಿ, ನಡುವೆ ಸುರುಳಿ ಮಾಡಿದ ಕರವಸ್ತ್ರ ಇಡುತ್ತಿದ್ದಳು. ಮುಚ್ಚಿದ ಛತ್ರಿಯ ಎರಡು ತುದಿ ಎರಡು ಕೈಯಲ್ಲಿ. ಒಳ್ಳೆಯ ಕೈ ತಳ್ಳುತ್ತದೆ, ನೋವಿನ ಕೈ ಹೊರಕ್ಕೆ ಸರಿಯುತ್ತದೆ. ಎಳೆತ ಗೊತ್ತಾಗುವ ಕಡೆ ನಿಲ್ಲಿಸಿ ಹತ್ತು ಎಣಿಸುವುದು, ಹೀಗೆ ಹತ್ತು ಸಲ. ಕರವಸ್ತ್ರ ಕೆಳಗೆ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ.

ವ್ಯಾಯಾಮದ ನೋವು ಒಂದು ಗಂಟೆಯೊಳಗೆ ಇಳಿಯಬೇಕು, ಅವತ್ತಿನ ರಾತ್ರಿ ನಿದ್ದೆ ಕೆಟ್ಟರೆ ಮಾರನೇ ದಿನ ಅರ್ಧಕ್ಕೆ ಅರ್ಧ ಕಡಿಮೆ. ಇದು ಫಿಸಿಯೋಥೆರಪಿಸ್ಟ್ ಹಾಕಿದ ನಿಯಮ, ಪಾಲಿಸುವಂತೆ ನೋಡಿಕೊಂಡವಳು ಇವಳು. ನಾನು ಹುರುಪಿನಲ್ಲಿ ಇಪ್ಪತ್ತಕ್ಕೆ ಹೋದ ದಿನ ಬೈದಳು. ಯಾವ ವ್ಯಾಯಾಮವನ್ನೂ ಮಾಡುವುದಿಲ್ಲ ಎಂದು ಕೂತ ದಿನವೂ ಬೈದಳು. ಎರಡರಲ್ಲೂ ಅವಳೇ ಸರಿ.

ಕೈ ಬೆನ್ನ ಹಿಂದೆ ಈಗಲೂ ಸೊಂಟದವರೆಗೆ ಮಾತ್ರ ಹೋಗುತ್ತದೆ. ಟವೆಲ್ ಎಳೆಯುವ ವ್ಯಾಯಾಮ ದಿನಕ್ಕೆರಡು ಹೊತ್ತು ನಡೆದಿದೆ, ಎಣಿಸುವವರಿಲ್ಲ, ನಾನೇ ಎಣಿಸುತ್ತೇನೆ. ನೀನು ಊರಿಗೆ ಹೋಗುವಾಗ ಬಿಟ್ಟುಹೋದ ಛತ್ರಿ ಬಚ್ಚಲ ಬಾಗಿಲ ಹಿಂದಿದೆ ಕಣೇ. ಮಳೆಗಾಲ ಬಂತು ಅಂತ ವಾಪಸ್ ಕೇಳಬೇಡ. ಹೊಸದು ಕೊಡಿಸುತ್ತೇನೆ.