ಎರೆಭೂಮಿಯ ಅಂಗಳಕ್ಕೆ ಕರಾವಳಿಯ ಹುಲ್ಲು ಹಾಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕಲಬುರಗಿಯ ನಮ್ಮ ಮನೆಯಲ್ಲಿ ನೀವು ಹಾಕಿಕೊಟ್ಟ ಹುಲ್ಲುಹಾಸು ಸಂಪೂರ್ಣ ಹಾಳಾಗಿರುವುದರಿಂದ ಹಣ ಮರಳಿಸುವ ಕುರಿತು

ಮಾನ್ಯರೇ,

ಕಳೆದ ಫೆಬ್ರುವರಿಯಲ್ಲಿ ನಿಮ್ಮ ಸಂಸ್ಥೆಯವರು ನಮ್ಮ ಮನೆಯ ಮುಂದಿನ ಸಾವಿರ ಚದರ ಅಡಿ ಜಾಗಕ್ಕೆ ಹುಲ್ಲು ಹಾಸಿ 52,000 ರೂಪಾಯಿ, ವರ್ಷದ ನಿರ್ವಹಣೆಗೆಂದು ಮುಂಗಡವಾಗಿ 18,000 ರೂಪಾಯಿ ಪಡೆದರು. ಶರಣಬಸವೇಶ್ವರರ ಜಾತ್ರೆ ಬರುವಷ್ಟರಲ್ಲಿ ಹಸಿರು ಹಳದಿಗೆ ತಿರುಗಿತ್ತು. ಮೇ ತಿಂಗಳಲ್ಲಿ ಕಾಲಿಟ್ಟರೆ ಪುಡಿಯಾಗುವ ಒಣ ಕಸ ಮಾತ್ರ ಉಳಿಯಿತು. ಕರೆ ಮಾಡಿದಾಗಲೆಲ್ಲ ನಿಮ್ಮ ಕಚೇರಿಯ ಉತ್ತರ ಒಂದೇ: "ನೀವು ನೀರು ಬಿಡುತ್ತಿರುವುದು ಸಾಲದು." ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ತಪ್ಪು ನೀರಿನದಲ್ಲ, ನೀವು ತಂದ ಹುಲ್ಲಿನದು.

ನಿಮ್ಮ ರಸೀದಿಯಲ್ಲಿ "ಬಫೆಲೊ ಗ್ರಾಸ್" ಎಂದಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ಆಕ್ಸೋನೋಪಸ್ ಕಂಪ್ರೆಸಸ್" ಎಂದೂ ಇದೆ. ಇದು ಅಗಲ ಎಲೆಯ, ಮೇಲ್ಮಟ್ಟದಲ್ಲೇ ಬೇರು ಬಿಡುವ ಹುಲ್ಲು. ತೇವ, ಅರೆನೆರಳು, ಆಮ್ಲೀಯ ಮಣ್ಣು ಇದಕ್ಕೆ ಹಿತ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನ ತೆಂಗಿನ ಮರಗಳ ಕೆಳಗೆ ಇದನ್ನು ಹಾಸಿದ್ದರೆ ನನ್ನದೇನೂ ತಕರಾರಿರುತ್ತಿರಲಿಲ್ಲ. ನಮ್ಮಲ್ಲಿ ಬೀಳುವುದು ಅದರ ಕಾಲುಭಾಗದ ಆಸುಪಾಸು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಮಣ್ಣು ಕ್ಷಾರೀಯ, ಅಂಗಳದ ಸುತ್ತಲಿನ ಶಹಾಬಾದ್ ಕಲ್ಲುಗಳು ಸಂಜೆಯವರೆಗೂ ಸುಡುತ್ತಿರುತ್ತವೆ. ಇಷ್ಟೆಲ್ಲವನ್ನೂ ನಿಮ್ಮ ಮೇಲ್ವಿಚಾರಕರು ಸ್ಥಳಕ್ಕೆ ಬಂದು ಕಣ್ಣಾರೆ ನೋಡಿಯೇ ಹೋಗಿದ್ದರು.

ಇನ್ನೂ ಗಂಭೀರವಾದ ಸಂಗತಿ ನಿಮ್ಮ ಕರಪತ್ರದ್ದು. "ತೀವ್ರ ಬರವನ್ನೂ ತಾಳುವ ಹುಲ್ಲು, ಅಪರೂಪಕ್ಕೆ ನೀರುಣಿಸಿದರೆ ಸಾಕು" ಎಂದು ಅದರಲ್ಲಿ ಮುದ್ರಿಸಿದ್ದೀರಿ. ಈ ಗುಣವಿರುವುದು ಅಮೆರಿಕದ ಒಣ ಬಯಲುಗಳಲ್ಲಿ ತಾನಾಗಿ ಬೆಳೆಯುವ ಬಫೆಲೊ ಹುಲ್ಲಿಗೆ. ಅದು ಬೇರೆಯೇ ಸಸ್ಯ. ಒಂದರ ಗುಣ ಬರೆದು ಇನ್ನೊಂದನ್ನು ಮಾರುವುದನ್ನು ತಪ್ಪು ಮಾಹಿತಿ ಎಂದಷ್ಟೇ ಹೇಳಿ ಸುಮ್ಮನಿರಲಾರೆ. ಇದು ಗ್ರಾಹಕರಿಗೆ ಮಾಡಿದ ಮೋಸ.

ನೆಲ ಸಿದ್ಧಪಡಿಸಿದ ರೀತಿಯಂತೂ ಹೇಳತೀರದು. ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಈ ಸೀಮೆಯ ಯಾವ ರೈತರನ್ನು ಕೇಳಿದ್ದರೂ ಹೇಳುತ್ತಿದ್ದರು. ಇಂಥ ನೆಲವನ್ನು ಆಳವಾಗಿ ಅಗೆದು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ನೀರು ಬಸಿದು ಹೋಗುವಂತೆ ಇಳಿಜಾರು ಕೊಟ್ಟು, ಮುಂಗಾರು ಹಿಡಿದ ಮೇಲೆ ಹುಲ್ಲು ಹಾಕಬೇಕು. ನಿಮ್ಮವರು ಬೇಸಿಗೆ ಶುರುವಾಗುವ ಹೊತ್ತಿನಲ್ಲಿ ಬಂದರು, ಸಲಿಕೆಯಿಂದ ಮೇಲ್ಮೈ ಸಮ ಮಾಡಿದರು, ಲಾರಿಯಲ್ಲಿ ತಂದ ಕೆಂಪು ಮಣ್ಣನ್ನು ಎರಡು ಬೆರಳು ದಪ್ಪ ಹರಡಿ ಸುರುಳಿಗಳನ್ನು ಬಿಡಿಸಿ ಹೊರಟುಹೋದರು. ಏಪ್ರಿಲ್‌ನಲ್ಲಿ ಕೆಳಗಿನ ಎರೆ ಬಿರಿದು ಹಾಸಿನ ಹೊಲಿಗೆಗಳೆಲ್ಲ ಬಾಯಿಬಿಟ್ಟವು. ಜೂನ್ ಮಳೆಗೆ ಅದೇ ಜಾಗದಲ್ಲಿ ನೀರು ನಿಂತು, ಅಳಿದುಳಿದ ಬೇರುಗಳು ಕೊಳೆತವು.

ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ, ನೀವು ಮತ್ತೆ ಅಲ್ಲಿಗೇ ಬರುತ್ತೀರಿ. ನಿಮ್ಮ ಸೂಚನಾ ಪತ್ರದಲ್ಲಿರುವಂತೆ ದಿನವೂ ಹತ್ತು ನಿಮಿಷ ಚಿಮುಕಿಸಿದ್ದೇವೆ. ಹಾಗೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ ಒಂದೆರಡು ಸಲ, ನಸುಕಿನಲ್ಲಿ, ಆಳಕ್ಕೆ ಇಳಿಯುವಂತೆ ಬಿಟ್ಟರೆ ಬೇರು ನೀರನ್ನು ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಸಾವಿರ ಚದರ ಅಡಿಗೆ ಒಂದು ಅಂಗುಲ ನೀರು ಎಂದರೆ ಸುಮಾರು 2,360 ಲೀಟರ್. ನಳದ ನೀರು ದಿನಾಲೂ ಬಾರದ ಬಡಾವಣೆಯಲ್ಲಿ ಕುಳಿತು "ಇನ್ನಷ್ಟು ಬಿಡಿ" ಎಂಬ ಸಲಹೆ ಕೇಳುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿದಂತಿಲ್ಲ. ಅಕ್ಕಪಕ್ಕದವರು ಕೊಡ ಹಿಡಿದು ಟ್ಯಾಂಕರ್ ಕಾಯುತ್ತಿರುವಾಗ ಹುಲ್ಲಿಗೆ ಟ್ಯಾಂಕರ್ ತರಿಸಲು ನನಗೆ ಮನಸ್ಸಾಗಲಿಲ್ಲ.

ನಿರ್ವಹಣೆಗೆ ಬಂದ ಮಾಲಿಯನ್ನು ದೂರುವುದಿಲ್ಲ, ಅವರಿಗೆ ಹೇಳಿಕೊಟ್ಟವರನ್ನು ದೂರುತ್ತೇನೆ. ಎಳೆ ಎಲೆಗಳ ನರ ಹಸಿರಾಗಿ, ನಡುವೆ ಹಳದಿ ಬಂದದ್ದು ಕಬ್ಬಿಣದ ಕೊರತೆಯ ಲಕ್ಷಣ. ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಸಿಂಪಡಿಸಿದ್ದರೆ ಎಲೆ ಚೇತರಿಸಿಕೊಳ್ಳುತ್ತಿತ್ತು. ಅವರು ಸುಡುಬಿಸಿಲಿನಲ್ಲಿ ಯೂರಿಯಾ ಎರಚಿದರು. ಬಿದ್ದಲ್ಲೆಲ್ಲ ಸುಟ್ಟ ಕಲೆ. ಒಮ್ಮೆಗೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಅದರಲ್ಲೂ ಬೇಸಿಗೆಯಲ್ಲಿ. ನಮ್ಮಲ್ಲಿ ಆದದ್ದು ತಲೆ ಬೋಳಿಸಿದಂತಹ ಕೆಲಸ.

ಕೆಂಪು ಮಣ್ಣಿನ ಜೊತೆಗೆ ಜೇಕಿನ ಗಡ್ಡೆಗಳೂ ಬಂದಿವೆ. ಮೇಲೆ ಕಿತ್ತರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುವ ಈ ಕಳೆ ನೀವು ಆ ಮಣ್ಣು ತರುವ ಮೊದಲು ನಮ್ಮ ಅಂಗಳದಲ್ಲಿ ಇರಲಿಲ್ಲ. "ವರ್ಷವಿಡೀ ಹಸಿರು" ಎಂಬ ನಿಮ್ಮ ಭರವಸೆಯನ್ನು ಈಗ ಉಳಿಸಿಕೊಂಡಿರುವುದು ಜೇಕು ಒಂದೇ.

ಅದೇ ಹುಲ್ಲನ್ನು ಉಚಿತವಾಗಿ ಮತ್ತೊಮ್ಮೆ ಹಾಸಿಕೊಡುವುದಾಗಿ ನೀವು ಬರೆದಿದ್ದೀರಿ. ಬೇಡ. ಗರಿಕೆಯನ್ನು ಕೇಳಿದಾಗ "ಅದು ಕಳೆ, ನಾವು ಹಾಕುವುದಿಲ್ಲ" ಎಂದಿರಿ. ತೊಗರಿ ಹೊಲದ ಬದುವಿನಲ್ಲಿ ರೈತರು ಎಷ್ಟು ಕಿತ್ತರೂ ಸಾಯದ, ಮಳೆ ತಪ್ಪಿದರೆ ಕಂದಾಗಿ ಮಲಗಿ ಮೊದಲ ಹನಿಗೆ ಏಳುವ ಹುಲ್ಲು ಅದು. ನಮ್ಮ ದೇಶದ ಎಷ್ಟೋ ಕ್ರಿಕೆಟ್ ಮೈದಾನಗಳಲ್ಲಿ ಇರುವುದೂ ಬರ್ಮುಡಾ ಎನ್ನುವ ಅದೇ ಗರಿಕೆ ಜಾತಿ. ಅದಕ್ಕೆ ಪೂರ್ಣ ಬಿಸಿಲು ಬೇಕು, ಅದು ನಮ್ಮಲ್ಲಿ ಧಾರಾಳವಾಗಿದೆ. ಬೇವಿನ ಮರದ ನೆರಳಿಗೆ ನಾನು ಹುಲ್ಲನ್ನೇ ಹಾಕುವುದಿಲ್ಲ, ಕಲ್ಲು ಹಾಸಿಕೊಳ್ಳುತ್ತೇನೆ. ಈ ಕೆಲಸವನ್ನು ಸ್ಥಳೀಯರಿಂದಲೇ ಮಾಡಿಸುತ್ತೇನೆ.

ನಿಮ್ಮಿಂದ ಬೇಕಾದದ್ದು ಇಷ್ಟು: ಪಡೆದ 70,000 ರೂಪಾಯಿಗಳನ್ನು ಪೂರ್ತಿ ಮರಳಿಸಬೇಕು, ಸತ್ತ ಹಾಸನ್ನೂ ಜೇಕು ತುಂಬಿದ ಕೆಂಪು ಮಣ್ಣನ್ನೂ ನಿಮ್ಮ ಖರ್ಚಿನಲ್ಲಿ ಗಡ್ಡೆ ಸಮೇತ ತೆಗೆದುಕೊಂಡು ಹೋಗಬೇಕು, ಕರಪತ್ರವನ್ನು ತಿದ್ದಬೇಕು. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದ್ದರಿಂದ ನಾನು ನಿಮ್ಮ ಕಚೇರಿಯಿರುವ ಬೆಂಗಳೂರಿಗೆ ಬರುವ ಅಗತ್ಯವಿಲ್ಲ, ನೀವೇ ಕಲಬುರಗಿಗೆ ಬರಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕ
ಕಲಬುರಗಿ

ಲಗತ್ತು: ರಸೀದಿ, ನಿರ್ವಹಣಾ ಒಪ್ಪಂದ ಮತ್ತು ಕರಪತ್ರದ ಪ್ರತಿಗಳು, ಫೆಬ್ರುವರಿಯಿಂದ ಜುಲೈವರೆಗಿನ ಛಾಯಾಚಿತ್ರಗಳು