ಮನೆಯ ಕಂಪ್ಯೂಟರ್‌ಗೆ ಯಾವ ಆಪರೇಟಿಂಗ್ ಸಿಸ್ಟಂ? ಮೊದಲು ದಿನಾಂಕ ಕೇಳಿ

ಮಾನ್ಯ ಸಂಪಾದಕರೇ,

ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ) ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಇನ್ನೂ ಚೆನ್ನಾಗಿಯೇ ನಡೆಯುತ್ತಿರುವ ಹಳೆಯ ಕಂಪ್ಯೂಟರನ್ನು ಹಾಗೆಯೇ ಇಟ್ಟುಕೊಳ್ಳಬೇಕೋ, ಹೊಸದನ್ನು ಕೊಳ್ಳಬೇಕೋ, ಇಲ್ಲವೇ ಇದ್ದ ಯಂತ್ರಕ್ಕೇ ಬೇರೊಂದು ಆಪರೇಟಿಂಗ್ ಸಿಸ್ಟಂ ಹಾಕಿಸಬೇಕೋ ಎಂಬ ಪ್ರಶ್ನೆ ಬಹಳಷ್ಟು ಮನೆಗಳಲ್ಲಿ ಎದ್ದಿದೆ. ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳಲ್ಲಿ ಇದಕ್ಕೆ ದೊರೆಯುವ ಉತ್ತರಗಳು ಹೆಚ್ಚಾಗಿ ವೇಗ, ಪರದೆಯ ಅಂದ ಮತ್ತು ಹೊಸ ಸೌಲಭ್ಯಗಳ ಪಟ್ಟಿಯಲ್ಲೇ ಮುಗಿದುಹೋಗುತ್ತವೆ. ಆಯ್ಕೆ ಮಾಡುವವರು ಮೊಟ್ಟಮೊದಲು ಕೇಳಬೇಕಾದದ್ದು, ಈ ಆಪರೇಟಿಂಗ್ ಸಿಸ್ಟಂಗೆ, ಅದರಲ್ಲೂ ನನ್ನ ಈ ಯಂತ್ರದ ಮೇಲೆ, ಭದ್ರತಾ ಅಪ್‌ಡೇಟ್‌ಗಳು ಯಾವ ದಿನಾಂಕದವರೆಗೆ ಬರುತ್ತವೆ ಎಂಬುದನ್ನು ಎಂದು ನನಗೆ ತೋರುತ್ತದೆ. ಕಂಪ್ಯೂಟರ್‌ಗಳ ವಿಮರ್ಶೆ ಪ್ರಕಟಿಸುವಾಗ ಆ ದಿನಾಂಕವನ್ನೂ ಜೊತೆಗೆ ಮುದ್ರಿಸಿದರೆ ಓದುಗರಿಗೆ ದೊಡ್ಡ ಉಪಕಾರವಾಗುತ್ತದೆ.

ಅವಧಿ ಮುಗಿದ ಆಪರೇಟಿಂಗ್ ಸಿಸ್ಟಂ ಮರುದಿನವೇ ನಿಂತುಹೋಗುವುದಿಲ್ಲವಾದ್ದರಿಂದ ಈ ಮಾತು ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು. ಅಂಥವರು 2017ರ ಮೇ ತಿಂಗಳ ವಾನಾಕ್ರೈ ದಾಳಿಯನ್ನು ನೆನಪಿಸಿಕೊಳ್ಳಬೇಕು. ಕಡತಗಳನ್ನೆಲ್ಲ ಬೀಗ ಹಾಕಿ, ತೆರೆಯಲು ಹಣ ಕೇಳುತ್ತಿದ್ದ ಆ ಕುತಂತ್ರಾಂಶ ಕೆಲವೇ ದಿನಗಳಲ್ಲಿ ನೂರೈವತ್ತರಷ್ಟು ದೇಶಗಳಿಗೆ ಹರಡಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ಒಳನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್‌ನಲ್ಲೇ, ಅಂದರೆ ಎರಡು ತಿಂಗಳು ಮೊದಲೇ ಬಿಡುಗಡೆಯಾಗಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳು ಪಾರಾದವು, ಹಾಕಿಕೊಳ್ಳದವು ಸಿಕ್ಕಿಬಿದ್ದವು. 2014ರ ಏಪ್ರಿಲ್‌ನಲ್ಲೇ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ ಎಕ್ಸ್‌ಪಿಗೆ ಮಾರ್ಚ್‌ನಲ್ಲಿ ಸಾರ್ವಜನಿಕವಾಗಿ ಏನೂ ಬಂದಿರಲಿಲ್ಲ. ದಾಳಿ ಶುರುವಾದ ಮೇಲಷ್ಟೇ ಮೈಕ್ರೋಸಾಫ್ಟ್ ಅದಕ್ಕೂ ತುರ್ತು ಅಪ್‌ಡೇಟ್ ಕೊಟ್ಟಿತು. ಬ್ಯಾಂಕಿನ ವ್ಯವಹಾರ, ಮಕ್ಕಳ ಪಾಠ, ಕುಟುಂಬದ ಫೋಟೊಗಳು ಎಲ್ಲವೂ ಒಂದೇ ಯಂತ್ರದಲ್ಲಿರುವ ಮನೆಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ.

ಈಗ ವಿಂಡೋಸ್ 10 ಇರುವವರ ಮುಂದಿನ ದಾರಿಗಳನ್ನು ನೋಡೋಣ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಅರ್ಹ ಯಂತ್ರಗಳು ಉಚಿತವಾಗಿಯೇ ಏರಬಹುದು. ಆದರೆ ಅದಕ್ಕೆ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ ಜಾಗ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಘಟಕವೂ, ಸೆಕ್ಯೂರ್ ಬೂಟ್‌ಗೆ (ನಂಬಲರ್ಹ ತಂತ್ರಾಂಶವನ್ನಷ್ಟೇ ಆರಂಭಿಸಲು ಬಿಡುವ ಏರ್ಪಾಟಿಗೆ) ಒಗ್ಗುವ ಯುಇಎಫ್ಐ, ಅಂದರೆ ಯಂತ್ರ ಆನ್ ಆದೊಡನೆ ಮೊದಲು ನಡೆಯುವ ತಂತ್ರಾಂಶ ಕೂಡ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರಬೇಕು. ಇಂಟೆಲ್‌ನಲ್ಲಿ ಸ್ಥೂಲವಾಗಿ ಎಂಟನೇ ಪೀಳಿಗೆಯಿಂದ ಈಚಿನವು ಆ ಪಟ್ಟಿಯಲ್ಲಿವೆ. ‘ನಿಮ್ಮ ಯಂತ್ರ ಅರ್ಹವಲ್ಲ’ ಎಂಬ ಸಂದೇಶ ಕಂಡೊಡನೆ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡುವುದು ಅವಸರದ ಕೆಲಸವಾದೀತು. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಒಳಗಿದ್ದರೂ, ಆ ಆರಂಭದ ತಂತ್ರಾಂಶದ (ರೂಢಿಯ ಹೆಸರು ಬಯಾಸ್) ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ ಎಂದೂ, ಎಎಂಡಿಯವುಗಳಲ್ಲಿ ಎಫ್‌ಟಿಪಿಎಂ ಎಂದೂ ಅದರ ಹೆಸರಿರುತ್ತದೆ. ಅದನ್ನು ಆನ್ ಮಾಡಿ, ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ತಂತ್ರಾಂಶದಿಂದ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಸರಿ. ಇದಕ್ಕೆ ತದ್ವಿರುದ್ಧವಾಗಿ, ಅನರ್ಹ ಯಂತ್ರಕ್ಕೂ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರಿದ್ದಾರೆ. ಅಂಥ ಯಂತ್ರಗಳಿಗೆ ಮುಂದೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಹೇಳಿರುವುದರಿಂದ, ಯಾವ ಉದ್ದೇಶಕ್ಕಾಗಿ ಬದಲಿಸುತ್ತೇವೆಯೋ ಆ ಉದ್ದೇಶವೇ ಅಲ್ಲಿ ಕೈತಪ್ಪುತ್ತದೆ. ಇನ್ನು, ಮನೆಬಳಕೆದಾರರು ನೋಂದಾಯಿಸಿಕೊಂಡು ವಿಂಡೋಸ್ 10ಕ್ಕೇ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವನ್ನೂ ಆ ಸಂಸ್ಥೆ ಪ್ರಕಟಿಸಿತು. ಅದನ್ನು ಯೋಚಿಸಲು ಸಿಕ್ಕ ಕಾಲಾವಕಾಶವೆಂದು ತಿಳಿಯುವುದು ಒಳ್ಳೆಯದು.

ಆ್ಯಪಲ್ ಸಂಸ್ಥೆಯ ಮ್ಯಾಕ್‌ಓಎಸ್ ಅದೇ ಸಂಸ್ಥೆಯ ಯಂತ್ರಗಳಿಗೆ ಮಾತ್ರ ಮೀಸಲಾದ್ದರಿಂದ ಅದನ್ನು ಆರಿಸಿದವರು ಯಂತ್ರವನ್ನೂ ಆರಿಸಿದಂತೆಯೇ. ಅದರ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೆಂಬಲ ಯಾವ ದಿನ ಮುಗಿಯುತ್ತದೆಂದು ಆ್ಯಪಲ್ ಮುಂಚಿತವಾಗಿ ಪ್ರಕಟಿಸುವುದಿಲ್ಲ. ಹೊಸ ಆವೃತ್ತಿ ಮತ್ತು ಅದರ ಹಿಂದಿನ ಎರಡಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದು ಇದುವರೆಗಿನ ರೂಢಿ, ಅಷ್ಟೇ. 2020ರಿಂದ ಆ್ಯಪಲ್ ತನ್ನದೇ ಎಂ ಸರಣಿಯ ಚಿಪ್‌ಗಳಿಗೆ ಬದಲಾಗಿದ್ದು, ಇಂಟೆಲ್ ಚಿಪ್ ಇರುವ ಮ್ಯಾಕ್‌ಗಳಿಗೆ 2025ರಲ್ಲಿ ಬಂದ ಟಾಹೋ ಆವೃತ್ತಿಯೇ ಕೊನೆಯದೆಂದು ಘೋಷಿಸಿದೆ. ಹೊರನೋಟಕ್ಕೆ ಹೊಸದರಂತೆಯೇ ಇರುವ ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್ ಕೊಳ್ಳಲು ಮನಸ್ಸು ಮಾಡಿರುವವರು ಈ ಒಂದು ಸಂಗತಿಯನ್ನು ತಿಳಿದಿರಲೇಬೇಕು. ಗೂಗಲ್‌ನ ಕ್ರೋಮ್‌ಓಎಸ್ ಮೇಲೆ ನಡೆಯುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳ ವಿಷಯದಲ್ಲಿ ಆ ಸಂಸ್ಥೆ ಹೆಚ್ಚು ನೇರವಾಗಿದೆ: ಪ್ರತಿಯೊಂದು ಮಾದರಿಗೂ ಅಪ್‌ಡೇಟ್ ನಿಲ್ಲುವ ತಿಂಗಳನ್ನು ಬಹಿರಂಗವಾಗಿ ಪ್ರಕಟಿಸುತ್ತದೆ, 2021ರಿಂದ ಈಚೆಗೆ ಬಿಡುಗಡೆಯಾದ ಮಾದರಿಗಳಿಗೆ ಅದು ಹತ್ತು ವರ್ಷ. ಆ ಹತ್ತು ವರ್ಷ ಮಾದರಿಯ ಮೂಲ ಹಾರ್ಡ್‌ವೇರ್ ಮೊದಲು ಮಾರುಕಟ್ಟೆಗೆ ಬಂದಾಗಿನಿಂದ ಎಣಿಕೆಯಾಗುತ್ತದೆಯೇ ಹೊರತು ನಾವು ಕೊಂಡ ದಿನದಿಂದಲ್ಲ. ಎಲ್ಲ ಕೆಲಸವೂ ಬ್ರೌಸರಿನಲ್ಲೇ ಮುಗಿಯುವ ಮನೆಗೆ ಕ್ರೋಮ್‌ಬುಕ್ ಸಾಕಾಗುತ್ತದೆ.

ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಎಂದೊಡನೆ ಅದು ತಜ್ಞರಿಗೆ ಮಾತ್ರ ಎಂಬ ಭಾವನೆ ಇನ್ನೂ ಇದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಪ್ರಕಟಿಸಿದಾಗ ಹಾಗಿದ್ದಿರಬಹುದು. ಅದರ ಇಂದಿನ ರೂಪಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಬಳಸಲು ಆ ಪರಿಣತಿ ಬೇಡ. ಉಬುಂಟು ಆವೃತ್ತಿಯ ಸಂಖ್ಯೆಯಲ್ಲೇ ವರ್ಷ ಮತ್ತು ತಿಂಗಳು ಅಡಗಿರುತ್ತವೆ: 24.04 ಎಂದರೆ 2024ರ ಏಪ್ರಿಲ್. ಸಮ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುವ, ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಎಂಬ ಗುರುತಿರುವ ಆವೃತ್ತಿಗಳಿಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನಡುನಡುವೆ ಬರುವ ಉಳಿದವುಗಳಿಗೆ ಕೇವಲ ಒಂಬತ್ತು ತಿಂಗಳು. ಸಂಖ್ಯೆ ದೊಡ್ಡದಿದ್ದರೆ ಒಳ್ಳೆಯದೆಂದು ಭಾವಿಸಿ ಹೊಸಬರು ಈ ಎರಡನೆಯದನ್ನೇ ಇಳಿಸಿಕೊಳ್ಳುವುದುಂಟು, ಮನೆಗೆ ಅದು ಖಂಡಿತ ಬೇಡ. ಉಬುಂಟು 24.04ನ್ನು ಆಧರಿಸಿದ ಲಿನಕ್ಸ್ ಮಿಂಟ್ 22ಕ್ಕೂ 2029ರವರೆಗೆ ಬೆಂಬಲವಿದೆ. 4 ಜಿಬಿ ಮೆಮೊರಿಯಿರುವ, ವಿಂಡೋಸ್ 11 ಒಲ್ಲೆನೆಂದ ಯಂತ್ರದಲ್ಲಿ ಇದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಸರಾಗವಾಗಿ ನಡೆಯುತ್ತದೆ.

ದಿನಾಂಕ ಗೊತ್ತಾದ ಮೇಲೆ ಬರುವ ಪ್ರಶ್ನೆ, ಈ ಮನೆಯಲ್ಲಿ ಬೇರೆ ದಾರಿಯಿಲ್ಲದ ಕೆಲಸ ಯಾವುದಾದರೂ ಇದೆಯೇ ಎಂಬುದು. ಫೋಟೊಶಾಪ್‌ನಲ್ಲೇ ದುಡಿಯುವವರು, ವಿಂಡೋಸ್‌ಗೆ ಮಾತ್ರ ಬರೆದ ಲೆಕ್ಕಪತ್ರದ ತಂತ್ರಾಂಶ ಬಳಸುವವರು ಅಥವಾ ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕಾಗದಪತ್ರ ಸಲ್ಲಿಸುವವರು ಮನೆಯಲ್ಲಿದ್ದರೆ ಚರ್ಚೆ ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಆಟಗಳಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ. ಆಟಗಳನ್ನು ಮಾರುವ ಸ್ಟೀಮ್ ತಾಣದ ಪ್ರೋಟಾನ್ ಎಂಬ ತಂತ್ರಾಂಶದ ಮೂಲಕ ವಿಂಡೋಸ್‌ನ ಎಷ್ಟೋ ಆಟಗಳು ಲಿನಕ್ಸ್‌ನಲ್ಲೂ ನಡೆಯುತ್ತವೆ, ಆದರೆ ಮೋಸ ತಡೆಯುವ ತಂತ್ರಾಂಶವಿರುವ ಕೆಲವು ಆನ್‌ಲೈನ್ ಆಟಗಳು ಇಂದಿಗೂ ತೆರೆಯುವುದಿಲ್ಲ. ಮನೆಯ ಮಕ್ಕಳನ್ನು ಕೇಳದೆ ನಿರ್ಧರಿಸುವವರು ಇದನ್ನು ಗಮನದಲ್ಲಿಡಬೇಕು! ಕಚೇರಿಯ ವರ್ಡ್, ಎಕ್ಸೆಲ್ ಕಡತಗಳನ್ನು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶ ತೆರೆಯುತ್ತದೆ. ಸಾಮಾನ್ಯ ಪತ್ರಗಳಿಗೆ ತೊಂದರೆಯಿಲ್ಲ, ಮ್ಯಾಕ್ರೊಗಳೆಂಬ ಸ್ವಯಂಚಾಲಿತ ಆದೇಶಗಳಿರುವ ಅಥವಾ ಸಂಕೀರ್ಣ ಕೋಷ್ಟಕಗಳಿರುವ ಕಡತಗಳು ಮಾತ್ರ ಅಲ್ಲಲ್ಲಿ ಕದಲುತ್ತವೆ. ಸಾಲುಗಳು ಏರುಪೇರಾಗಲು ಎಷ್ಟೋ ಸಲ ಫಾಂಟ್ ಇಲ್ಲದಿರುವುದೇ ಕಾರಣ. ಕ್ಯಾಲಿಬ್ರಿಯ ಅಳತೆಗೇ ಕೊರೆದ ಕಾರ್ಲಿಟೊ, ಏರಿಯಲ್‌ನ ಅಳತೆಯ ಲಿಬರೇಷನ್ ಸ್ಯಾನ್ಸ್ ಎಂಬ ಉಚಿತ ಫಾಂಟ್‌ಗಳನ್ನು ಹಾಕಿಕೊಂಡರೆ ಪುಟ ಬಹುಮಟ್ಟಿಗೆ ಸರಿಯಾಗಿ ಕೂಡುತ್ತದೆ. ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರಸಂಕೇತವಾದ ಯೂನಿಕೋಡ್‌ನ ಕನ್ನಡವನ್ನು ಇಲ್ಲಿ ಹೇಳಿದ ಎಲ್ಲ ಆಪರೇಟಿಂಗ್ ಸಿಸ್ಟಂಗಳೂ ತೋರಿಸುತ್ತವೆ, ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯ ವಿನ್ಯಾಸವೂ ಇದೆ. ಆದರೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಲಿಪಿಚಿಹ್ನೆಗಳಾಗಿ ಕಾಣುತ್ತವೆ. ಅವನ್ನು ಹಳೆಯ ಯಂತ್ರದಲ್ಲಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಕ್ಷೇಮ.

ಮೂರನೆಯ ಪ್ರಶ್ನೆಯನ್ನು ಕೇಳುವವರೇ ಕಡಿಮೆ: ಕೆಟ್ಟಾಗ ಸರಿಪಡಿಸುವವರು ಯಾರು? ಲಿನಕ್ಸ್ ಅಭಿಮಾನಿಗಳ ಉತ್ಸಾಹ ನನಗೆ ಮೆಚ್ಚುಗೆಯದೇ ಆದರೂ, ವಯಸ್ಸಾದ ತಂದೆತಾಯಿಯ ಕಂಪ್ಯೂಟರಿಗೆ ರಜೆಯಲ್ಲಿ ಬಂದಾಗ ಲಿನಕ್ಸ್ ಹಾಕಿಕೊಟ್ಟು, ಮರುದಿನ ಊರಿಗೆ ಹೊರಟುಬಿಡುವ ಮಕ್ಕಳ ಔದಾರ್ಯವನ್ನು ಒಪ್ಪಲಾರೆ. ಮುದ್ರಕ ಕೈಕೊಟ್ಟಾಗ ಕರೆದರೆ ಬರುವವರಿಗೆ ಗೊತ್ತಿರುವ ಆಪರೇಟಿಂಗ್ ಸಿಸ್ಟಂ ಯಾವುದೋ, ಅಂಥ ಮನೆಗೆ ಅದಕ್ಕೇ ಹೆಚ್ಚು ಅಂಕ. ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲವೆಂಬ ಭರವಸೆಯೂ ಸರಿಯಲ್ಲ. ಮನೆಬಳಕೆಯ ಲಿನಕ್ಸ್ ಮೇಲೆ ದಾಳಿಗಳು ಕಡಿಮೆ ಎಂಬುದು ನಿಜ. ಆದರೂ 2024ರ ಮಾರ್ಚ್‌ನಲ್ಲಿ, ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ತಂತ್ರಾಂಶದೊಳಗೆ ಯಾರೋ ಕದ್ದು ಒಳನುಗ್ಗುವ ಹಿಂಬಾಗಿಲು ಇರಿಸಿದ್ದು ಬಯಲಾಯಿತು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದೇಕೆಂದು ಕೆದಕುತ್ತ ಹೋಗಿ ಅದನ್ನು ಪತ್ತೆಹಚ್ಚಿದ ಆಂಡ್ರೆಸ್ ಫ್ರಾಯಿಂಡ್ ಮೈಕ್ರೋಸಾಫ್ಟಿನ ಎಂಜಿನಿಯರ್ ಎಂಬುದು, ಈ ಆಪರೇಟಿಂಗ್ ಸಿಸ್ಟಂಗಳ ಹೆಸರಿನಲ್ಲಿ ಪಕ್ಷ ಕಟ್ಟಿ ಜಗಳವಾಡುವವರಿಗೆ ತಿಳಿದಿದ್ದರೆ ಒಳಿತು.

ಲಿನಕ್ಸ್ ಒಗ್ಗುವುದೋ ಇಲ್ಲವೋ ಎಂದು ತಿಳಿಯಲು ಇರುವ ಆಪರೇಟಿಂಗ್ ಸಿಸ್ಟಂ ಅಳಿಸಬೇಕಾಗಿಲ್ಲ. 8 ಜಿಬಿಯ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಮಿಂಟ್ ಬರೆದುಕೊಂಡು, ಕಂಪ್ಯೂಟರ್ ಆನ್ ಆಗುವಾಗ, ಯಾವುದರಿಂದ ಆರಂಭಿಸಬೇಕೆಂದು ಆರಿಸುವ ಬೂಟ್ ಮೆನುವಿನಲ್ಲಿ ಅದನ್ನು ಆರಿಸಿದರೆ, ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಇಡೀ ಆಪರೇಟಿಂಗ್ ಸಿಸ್ಟಂ ಪೆನ್‌ಡ್ರೈವ್‌ನಿಂದ ನಡೆಯುತ್ತದೆ. ತುಸು ನಿಧಾನವೆನಿಸುವುದು ಪೆನ್‌ಡ್ರೈವ್‌ನ ವೇಗದಿಂದ. ಸ್ಥಾಪಿಸಿದ ಮೇಲೆ ಹಾಗಿರುವುದಿಲ್ಲ. ಹಾಗೆ ತೆರೆದು ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಕ್ಯಾಮೆರಾ ಮತ್ತು ಮುದ್ರಕ ಕೆಲಸ ಮಾಡುತ್ತವೆಯೇ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ ಎಂದು ಮನೆಮಂದಿಯೇ ನೋಡಬಹುದು. ಮುಚ್ಚಿ ತೆರೆಯುವ ಪರೀಕ್ಷೆಯನ್ನು ಬಿಟ್ಟು ಆಮೇಲೆ ಗೋಳಾಡುವವರೇ ಹೆಚ್ಚು.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಸ್ಥಾಪಿಸುವವರು ಮೊದಲು ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆದಾರರ ಗಮನಕ್ಕೇ ಬಾರದಂತೆ ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಬಿದ್ದಿರುತ್ತದೆ. ಬೂಟ್ ವ್ಯವಸ್ಥೆ ಬದಲಾದೊಡನೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದು ಕೈಯಲ್ಲಿಲ್ಲದಿದ್ದರೆ ಒಳಗಿನ ಕಡತಗಳನ್ನು ತೆರೆಯಲಾಗದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಉಳಿದಿರುವ ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಎರಡೂ ಸ್ಥಾಪನೆಯಾದ ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಕೆಲವು ಗಂಟೆ ತಪ್ಪು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಯಂತ್ರದ ಒಳಗಡಿಯಾರವನ್ನು ವಿಂಡೋಸ್ ಸ್ಥಳೀಯ ಕಾಲವೆಂದು ಓದುತ್ತದೆ, ಲಿನಕ್ಸ್ ಅದನ್ನು ಜಾಗತಿಕ ಕಾಲಮಾನಕ್ಕೆ ಹೊಂದಿಸಿಡುತ್ತದೆ. ಸ್ಥಳೀಯ ಕಾಲವನ್ನೇ ಬಳಸುವಂತೆ ಲಿನಕ್ಸ್‌ಗೆ ಒಂದು ಆದೇಶ ಕೊಟ್ಟರೆ ಎರಡೂ ಒಂದೇ ಸಮಯ ತೋರಿಸುತ್ತವೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ